ತೊಳೆದ ಇಂಜಿನ್

ಹೊಳೆಯುವ ವಸ್ತು ಕಂಡರೆ ನನ್ನ ಬುದ್ಧಿ ರಜೆ ಹಾಕುತ್ತದೆ. ಹಳೇಬೀಡಿನಲ್ಲಿ ಮಾರಾಟಕ್ಕಿದ್ದ ಪುಟ್ಟ ಹಸಿರು ಜೀಪನ್ನು ಕಂಡಾಗಲೂ ಹಾಗೇ ಆಯಿತು. ಗಾಡಿ ಬೇಕಿದ್ದದ್ದು ನನ್ನ ಷೋಕಿಗಲ್ಲ. ನನ್ನ ಹೆಂಡತಿ ಶಾರದಾ ಅರೇಹಳ್ಳಿ ಕಡೆ ನರ್ಸು. ಕಳೆದ ಮಳೆಗಾಲದಲ್ಲಿ ಹೆರಿಗೆಯೊಂದಕ್ಕೆ ಹೊರಟವಳ ಸ್ಕೂಟರು ಕೆಸರಿನಲ್ಲಿ ಹೂತು, ಅವಳು ತಲುಪುವಷ್ಟರಲ್ಲಿ ಮಗು ಹುಟ್ಟಿಬಿಟ್ಟಿತ್ತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಅಂದಿನಿಂದ ಶಾರದೆಗೆ ನಡುದಾರಿಯಲ್ಲಿ ಕೈಕೊಡದ ಗಾಡಿ ಬೇಕೇಬೇಕು.

ಅದಕ್ಕೇ ಅರಸೀಕೆರೆಯ ಮೆಕ್ಯಾನಿಕ್ ಚನ್ನಬಸಣ್ಣನನ್ನು ಜೊತೆಗೆ ಕರೆದೊಯ್ದೆವು. ಜೀಪಿನ ಒಡೆಯರು ತೆಂಗಿನಕಾಯಿ ವ್ಯಾಪಾರಿ, ಸಜ್ಜನರು. ನೆಂಟರು ಬರುವಾಗ ಮನೆ ಸಾರಿಸಿದ ಹಾಗೆ ಇಂಜಿನ್ನನ್ನೂ ತೊಳೆದು ಒರೆಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ನಮಗೆ ಎಳನೀರು ಕೆತ್ತಿಸಿಟ್ಟಿದ್ದರು. ನಾನಂತೂ ಕರಗಿಹೋದೆ. ಚನ್ನಬಸಣ್ಣ ಒಮ್ಮೆ ಒಳಗೆ ಇಣುಕಿ ಬಾನೆಟ್ ಮುಚ್ಚಿದ.

"ತೊಳ್ದಿರೋ ಇಂಜಿನ್ನು ಏನೂ ಹೇಳಲ್ಲ ಯಜಮಾನ್ರೇ. ನಾಲ್ಕು ದಿನ ಓಡ್ಸಿ, ಧೂಳು ಕೂತ್ಕಳ್ಲಿ. ಐದ್ನೇ ದಿನ ಬತ್ತೀವಿ. ಅವತ್ತು ನಾವ್ ಬರೋಗಂಟ ಸ್ಟಾರ್ಟ್ ಮಾಡ್ಬ್ಯಾಡಿ, ಇಂಜಿನ್ನು ತಣ್ಣಗಿದ್ರೇನೇ ಅದ್ರ ಕಾಯ್ಲೆ ಗೊತ್ತಾಗೋದು."

"ಕೊಳಕು ಗಾಡೀನ ಹೆಂಗ್ರೀ ತೋರ್ಸೋದು?" ಎಂದು ಅವರು ನಾಚಿಕೊಂಡರು. ಆದರೂ ಒಪ್ಪಿದರು.

ಐದನೆಯ ದಿನ ಚನ್ನಬಸಣ್ಣ ತಣ್ಣಗಿದ್ದ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಲೆಯಾಡಿಸಿದ. ಸ್ಟಾರ್ಟ್ ಆಗುವ ಸದ್ದನ್ನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಗಾಡಿಯಡಿ ಅಂಗಾತ ಮಲಗಿ, ತುಕ್ಕು ಹಿಡಿದಿದೆಯೇ ಎಂದು ತಳದ ಕಬ್ಬಿಣದ ಚೌಕಟ್ಟನ್ನು ಗೇಣುಗೇಣಿಗೂ ತಟ್ಟಿದ. ಹಳೇಬೀಡಿನ ಗುಡಿಯನ್ನು ಎಷ್ಟೋ ಸಲ ಸುತ್ತಿದ್ದೇನೆ. ಒಂದು ಶಿಲ್ಪವನ್ನೂ ಇಷ್ಟು ಗಮನವಿಟ್ಟು ನೋಡಿದವನಲ್ಲ. ಧೂಳಿನ ಮೇಲೆ ಎಣ್ಣೆಯ ಸಣ್ಣ ಗೆರೆ ಸಿಕ್ಕಿತು. "ಎಣ್ಣೆ ತಡೆಯೋ ಸೀಲು ಹೋಗೈತೆ, ಅಷ್ಟೇ. ಹೊಸದು ಹಾಕ್ಕೊಡ್ತೀನಿ" ಎಂದ. ತೊಳೆದ ದಿನ ಆ ಗೆರೆ ನಮಗೆ ಕಾಣುತ್ತಲೇ ಇರಲಿಲ್ಲ.

ಕೊನೆಗೆ ಗಾಡಿಯನ್ನು ಕೆರೆಯಂಚಿನ ಕೆಸರಿಗೆ ಇಳಿಸಿ ನಿಲ್ಲಿಸಿದ. ನಾನು ಗತ್ತಿನಿಂದ ಕೀಲಿಗೆ ಕೈ ಚಾಚಿದೆ. ಅವನು ಅದನ್ನು ಶಾರದೆಗೆ ಕೊಟ್ಟ.

"ಓಡ್ಸೋರು ನೀವಲ್ವಾ ಮೇಡಂ? ಒಬ್ರೇ ಈಚೆಗೆ ತನ್ನಿ."

ಚಕ್ರ ಸುಮ್ಮನೆ ಗಿರಗಿರ ತಿರುಗಿತು. ಅವಳು ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರನ್ನು ಎರಡು ಕೈಯಿಂದ ಎಳೆದಳು. ವರ್ಷಗಳಿಂದ ಯಾರೂ ಮುಟ್ಟದಿದ್ದ ಲಿವರು ನರಳಿಕೊಂಡು ತನ್ನ ಜಾಗಕ್ಕೆ ಬಂದು ಕೂತಿತು. ಗಾಡಿ ಮೆಲ್ಲಗೆ ಏರಿ ಬಂತು. ಅವಳ ಮುಖ ನೋಡಿ ನನಗೆ ಹೆಮ್ಮೆಯಾಯಿತು, ಚನ್ನಬಸಣ್ಣನಿಗೆ ಕೈಮುಗಿಯಬೇಕೆನ್ನಿಸಿತು.

ಈ ಮಳೆಗಾಲದ ಮೊದಲ ಹೆರಿಗೆಗೆ ಅವಳು ಹೊತ್ತಿಗೆ ಸರಿಯಾಗಿ ತಲುಪಿದಳು. ಮೈಯೆಲ್ಲ ಕೆಸರಾಗಿ ಬಂದ ಜೀಪನ್ನು ಕಂಡು ನಾನು ಖುಷಿಯಿಂದ ಬಕೆಟ್ ಹಿಡಿದು ಬಾನೆಟ್ ಎತ್ತಿದೆ. "ಇಂಜಿನ್ ಮಾತ್ರ ತೊಳೀಬೇಡ್ರೀ, ಎಲ್ಲಿ ಸೋರ್ತಿದೆ ಅಂತ ಗೊತ್ತಾಗಲ್ಲ" ಎಂದಳು ಶಾರದಾ.

ಬಕೆಟ್ ಕೆಳಗಿಟ್ಟೆ. ಇಪ್ಪತ್ತು ವರ್ಷದ ಹಿಂದೆ ಅವಳನ್ನು ನೋಡಲು ಹೋದ ದಿನ ನಾನೂ ಮಿಂದು, ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟೇ ಹೋಗಿದ್ದೆ. ಐದನೆಯ ದಿನ ಬಂದು ನೋಡಿ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ನನ್ನ ಸೋರಿಕೆಯೆಲ್ಲ ಆಮೇಲೆ ಒಂದೊಂದಾಗಿ ಕಂಡಿತು. ಅವಳು ಸೀಲು ಹಾಕಿಕೊಂಡು ಓಡಿಸುತ್ತಲೇ ಇದ್ದಾಳೆ.