ಶಾಂತಲಾ ಮೇಡಂ ದನಿ

ಹರಿಹರದ ಬಜಾರಿನಲ್ಲಿ ಇನ್ನೂ ಯಾವ ಅಂಗಡಿಯೂ ಬಾಗಿಲು ತೆಗೆದಿಲ್ಲ. ಹೊಳೆ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದೆ. ಕೊಟ್ಟೂರೇಶ್ ಅವರ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಶಾಂತಲಾ ಬೆಂಚುಗಳ ಧೂಳು ಒರೆಸುತ್ತಾರೆ, ಪ್ರೊಜೆಕ್ಟರ್ ಹೊಂದಿಸುತ್ತಾರೆ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಮೂರು ವಾರದಿಂದ ಇವರು ಒಂದು ಮಾತೂ ಆಡಿಲ್ಲ. ಇವತ್ತು ಆಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ದನಿ ಬರುತ್ತದೋ, ಬಂದರೆ ನಿಲ್ಲುತ್ತದೋ, ಅದನ್ನು ಮಾತ್ರ ಹೇಳಿಲ್ಲ.

ನಂದಿಗುಡಿಯ ಭತ್ತದ ಗದ್ದೆಯವರ ಮಗಳು ಇವರು. ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವರು ಆಮೇಲೆ ಕಂಪನಿ ಸೇರಿ, ಈಗ ಟೆಕ್ನಾಲಜಿ ಮ್ಯಾನೇಜರ್. ಕೆಲಸ ಕ್ಲೌಡಿನದು. ಆಸ್ಪತ್ರೆ, ಔಷಧಿ ಅಂಗಡಿ, ಅಕ್ಕಿ ಗಿರಣಿಗಳು ತಾವೇ ಕಂಪ್ಯೂಟರ್ ರಾಶಿ ಹಾಕಿಕೊಳ್ಳುವ ಬದಲು ಎಲ್ಲೋ ದೂರದ ದೊಡ್ಡ ಕಂಪ್ಯೂಟರ್‌ಗಳಲ್ಲಿ ಬಾಡಿಗೆಗೆ ಜಾಗ ಹಿಡಿಯುತ್ತವೆ. ಆ ಜಾಗಕ್ಕೆ ಶಾಂತಲಾ ತಂಡದ ಹನ್ನೊಂದು ಮಂದಿಯ ಕಾವಲು. ಒಂಬತ್ತಕ್ಕೆ ದಾವಣಗೆರೆಯ ಮನೆಯಲ್ಲೇ ಆಫೀಸು. ಅದಕ್ಕೂ ಮುಂಚೆ, ಆರಕ್ಕೆ, ಹರಿಹರದಲ್ಲಿ ಇದೇ ಕೆಲಸದ ಪಾಠ. ಮಲೆಬೆನ್ನೂರು, ಕೊಂಡಜ್ಜಿ ಕಡೆಯ ಇಪ್ಪತ್ತು ಜನ ಮೊದಲ ಬಸ್ಸು ಹಿಡಿದು ಬರುತ್ತಾರೆ. ಫೀಸು ಇಲ್ಲ.

ಎರಡು ಕಡೆಯೂ ಬಾಯಿಯ ಕೆಲಸ. ಯುಗಾದಿ ಹೊತ್ತಿಗೆ ಗಂಟಲು ಒಡೆಯಿತು. ಶೀತವೆಂದು ಕಷಾಯ ಕುಡಿದರು. ಒಳಗೆ ಗಂಟಾಗಿದೆ ಎಂದು ತಿಳಿದಾಗ ಆಪರೇಷನ್ ಆಯಿತು, ಗಂಟನ್ನು ಪರೀಕ್ಷೆಗೆ ಕಳಿಸಿದರು, ಮೂರು ವಾರ ಮಾತಾಡಕೂಡದು ಎಂದರು. ತಾಯಿ ಓಬಕ್ಕ ಊರಿಂದ ಬಂದು ಜೊತೆಗೆ ಕೂತರು.

"ಸಣ್ಣಾಕಿ ಇದ್ದಾಗ ಗದ್ದೆ ಆಚೆ ದಂಡೇಲಿ ನಿಂತು ಕೂಗಿದ್ರೆ ಊರೊಳಗೆ ಕೇಳೋದ್ರಿ," ಎನ್ನುತ್ತಾರೆ ಓಬಕ್ಕ. "ಈಗ ಚಾ ಬೇಕೇನೇ ಅಂದ್ರೆ ಮೊಬೈಲ್‌ನಾಗೆ ಬರ್ದು ತೋರುಸ್ತಾಳೆ. ನಂಗೆ ಓದಾಕ ಬರಲ್ಲ, ಇವಳು ಮಾತಾಡಂಗಿಲ್ಲ. ಚೆಂದ ಸಂಸಾರ ನಮ್ದು!"

ಹೋದ ಮಂಗಳವಾರ ವರದಿ ಬಂದಿದೆ. ಕೆಟ್ಟದ್ದೇನೂ ಇಲ್ಲ. ಓಬಕ್ಕ ಅವತ್ತು ಹೊಟ್ಟೆ ತುಂಬ ಉಂಡು ಮಲಗಿದರಂತೆ. ಮಗಳಿಗೆ ಅರ್ಧ ಭಾರವಷ್ಟೇ ಇಳಿದಿದೆ. ದನಿ ಬರದಿದ್ದರೆ ಏನು ಎಂದು, ಪಾಠ ನೋಡಿ ಬರೆಯಲು ಬಂದ ನಾನು ಕೇಳಿದ್ದಕ್ಕೆ ಮೊಬೈಲಿನಲ್ಲಿ ಬರೆದು ತೋರಿಸುತ್ತಾರೆ: "ಕಂಪನಿ ಕೆಲಸ ಹೆಂಗೋ ಬರೆದು ಮಾಡಬಹುದು. ನಾನು ಮಾತಾಡ್ದಿದ್ರೆ ಮೀಟಿಂಗ್ ಬೇಗ ಮುಗೀತಾವೆ, ಎಲ್ಲಾರಿಗೂ ಖುಷಿ. ದನಿ ಇಲ್ದೆ ಪಾಠ ಮಾತ್ರ ಆಗಲ್ಲ."

ಆದರೂ ಈ ಮೂರು ವಾರ ಪಾಠ ನಿಂತಿಲ್ಲ. ಶಾಂತಲಾ ತೆರೆಯ ಮೇಲೆ ಚಿತ್ರ ಹಾಕಿ ಕೂಡುತ್ತಾರೆ, ಹುಡುಗ ಹುಡುಗಿಯರು ಸರದಿಯಂತೆ ಎದ್ದು ವಿವರಿಸುತ್ತಾರೆ. ಇವತ್ತಿನ ಸರದಿ ಅಖ್ತರ್ ಬಾನುವಿನದು. ಹಗಲು ಟೈಲರ್ ಅಂಗಡಿಯಲ್ಲಿ ಕೆಲಸ. ಒಂದೇ ಕಂಪ್ಯೂಟರ್ ಮೇಲೆ ಎಲ್ಲರೂ ಮುಗಿಬೀಳದಂತೆ ಕೆಲಸ ಹಂಚುವುದು ಹೇಗೆ ಎನ್ನುವುದು ವಿಷಯ.

"ಮದುವೆ ಮನೇಲಿ ಬಿರಿಯಾನಿ ಹಂಡೆ ಒಂದೇ ಇದ್ರೆ ಏನಾಗ್ತೈತೆ? ಎಲ್ಲಾ ಅಲ್ಲೇ ನುಗ್ತಾರೆ. ಎರಡು ಕಡೆ ಹಂಡೆ ಇಡ್ರಿ, ನಡುವೆ ಒಬ್ಬ ಮಾಮೂನ ನಿಲ್ಲುಸ್ರಿ. ನೀ ಇತ್ಲಾಗೆ ಹೋಗು, ನೀ ಅತ್ಲಾಗೆ ಹೋಗು ಅಂತ ಕಳುಸ್ತಾನೆ."

"ಮಾಮೂನೇ ಉಣ್ಣಾಕ ಹೋದ್ರೆ?" ಎಂದು ಯಾರೋ ಕೆಣಕುತ್ತಾರೆ.

"ಅದಕ್ಕೇ ಇನ್ನೊಬ್ಬ ಮಾಮೂ ರೆಡಿ ಇರ್ಬೇಕು, ಪೆದ್ದಾ!"

ಕೋಣೆಯೆಲ್ಲ ನಗುತ್ತದೆ. ಶಾಂತಲಾ ಗಂಟಲಿಗೆ ಕೈಯಿಟ್ಟುಕೊಂಡು ಸದ್ದಿಲ್ಲದೆ ನಗುತ್ತಾರೆ. "ನಾನು ಕಲಿಸುವಾಗ ಇವರಿಗೆ ಹಿಂಗೆ ಎದ್ದು ನಿಂತು ಹೇಳೋಕೆ ನಾನೇ ಬಿಡ್ತಿರ್ಲಿಲ್ಲ," ಎಂದು ನನಗೆ ಬರೆದು ತೋರಿಸುತ್ತಾರೆ.

ಆಮೇಲೆ ಮೊಬೈಲ್ ಬೆಂಚಿನ ಮೇಲಿಟ್ಟು ಎದ್ದು ನಿಲ್ಲುತ್ತಾರೆ. ತುಟಿ ಒಮ್ಮೆ ಅಲುಗುತ್ತದೆ, ಏನೂ ಹೊರಡುವುದಿಲ್ಲ. ಮತ್ತೊಂದು ಗುಟುಕು ನೀರು ಕುಡಿಯುತ್ತಾರೆ.

"ಎಲ್ಲಾರಿಗೂ ಕೇಳ್ತೈತಾ?"

ದನಿ ತೆಳ್ಳಗಿದೆ, ಅಂಚು ಸವೆದಿದೆ. ಆದರೆ ಬಂದಿದೆ.

"ಕೇಳ್ತೈತ್ರೀ ಮೇಡಂ!" ಅಷ್ಟೂ ಬಾಯಿಗಳು ಒಟ್ಟಿಗೆ ಕೂಗುತ್ತವೆ. ಶಾಂತಲಾ ಕಣ್ಣು ಒರೆಸಿಕೊಂಡು ಇನ್ನೇನೋ ಹೇಳಲು ಹೊರಡುತ್ತಾರೆ. ಅಷ್ಟರಲ್ಲಿ ಅಖ್ತರ್ ಬಾನು ಅಡ್ಡ ಬರುತ್ತಾಳೆ:

"ಸಾಕು ಕೂಡ್ರಿ ಮೇಡಂ. ಒಂದೇ ದಿನಕ್ಕೆ ಎಲ್ಲಾ ಮಾತು ಖರ್ಚು ಮಾಡ್ಬ್ಯಾಡ್ರಿ. ನಂದಿನ್ನೂ ಮುಗ್ದಿಲ್ಲ."

ಶಾಂತಲಾ ಕೂಡುತ್ತಾರೆ. ಉಸಿರು ಬಿಟ್ಟು, ನನಗಷ್ಟೇ ಕೇಳುವಂತೆ ಹೇಳುತ್ತಾರೆ: "ಇನ್ಮ್ಯಾಲೆ ಹಿಂಗೇ ಇರ್ಲಿ ಬಿಡ್ರಿ. ಅರ್ಧ ಪಾಠ ನಂದು, ಅರ್ಧ ಇವರದು."