ನಾನು ಟವೆಲು ಸುತ್ತಿದ ಕೆಂಟೊಂಗನ್

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಅಜ್ಜಿ ಸತ್ತ ಗಳಿಗೆಯಲ್ಲೇ ಗೋಡೆ ಗಡಿಯಾರ ನಿಂತುಹೋಯಿತು ಎಂದು ಚಿಕ್ಕಮ್ಮ ಕಣ್ಣರಳಿಸಿ ಹೇಳುತ್ತಿದ್ದಾಗ, "ಹೊಸ ಸೆಲ್ ಹಾಕಿ ಚಿಕ್ಕಮ್ಮ, ಓಡುತ್ತೆ" ಎಂದು ಬಾಯಿ ಮುಚ್ಚಿಸಿದ್ದೆ. ಆ ಬುದ್ಧಿ ಈಗಲೂ ಪೂರ್ತಿ ಹೋಗಿಲ್ಲ. ಹಾಗಾಗಿ ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಹೇಳುವಾಗ ನನ್ನ ದನಿ ಏರಿದರೆ ಸಹಿಸಿಕೊಳ್ಳಿ, ಎರಡು ವರ್ಷವಾದರೂ ಸಿಟ್ಟು ಇಳಿದಿಲ್ಲ.

ನಾವಿರುವುದು ನೆದರ್ಲೆಂಡ್ಸಿನ ರೈಸ್‌ವೈಕ್‌ನಲ್ಲಿ, ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಪಕ್ಕದ ಮನೆಯಲ್ಲಿ ಲಾಸ್ತ್ರಿ ಇದ್ದಳು. ಇಂಡೋನೇಷ್ಯಾದ ಜಾವಾ ದ್ವೀಪದ ಹಳ್ಳಿಯವಳು, ಇಲ್ಲಿ ವೃದ್ಧಾಶ್ರಮವೊಂದರಲ್ಲಿ ನರ್ಸ್. ನನ್ನನ್ನು 'ಮ್ಬಾಕ್' ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಅರ್ಧ ಇಂಗ್ಲಿಷ್, ಅರ್ಧ ಹರಕು ಡಚ್ಚಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ಅವಳ ಮನೆಯ ಕೀಲಿಕೈ ನನ್ನ ಬಳಿ, ನಮ್ಮದು ಅವಳ ಬಳಿ.

ಅವಳ ಬಾಲ್ಕನಿಯಲ್ಲಿ ಒಂದು ಮರದ ತುಂಡು ನೇತಾಡುತ್ತಿತ್ತು. ಮೊಣಕೈಯಷ್ಟು ಉದ್ದ, ಒಳಗೆಲ್ಲ ಪೊಳ್ಳು, ಹೊಟ್ಟೆಯಲ್ಲಿ ಉದ್ದನೆಯ ಸೀಳು. ಕೆಂಟೊಂಗನ್ ಅಂತೆ. ಅವರ ಹಳ್ಳಿಯಲ್ಲಿ ಮನೆಮನೆಗೂ ಒಂದು ಇರುತ್ತದೆ. ಕೋಲಿನಲ್ಲಿ ಒಂದೊಂದೇ ಏಟು ಹೊಡೆದರೆ ಸಾವು, ಎರಡೆರಡು ಹೊಡೆದರೆ ಕಳ್ಳರು, ಮೂರು ಮೂರಾದರೆ ಬೆಂಕಿ. ಕೇಳಿಸಿಕೊಂಡವರು ಸುಮ್ಮನೆ ಮಲಗುವಂತಿಲ್ಲ. ತಮ್ಮ ಮನೆಯದನ್ನೂ ಅದೇ ಲೆಕ್ಕದಲ್ಲಿ ಬಾರಿಸಬೇಕು, ಬಾರಿಸಿ ಹೊರಗೆ ಬರಬೇಕು. ಹಾಗೆ ಸದ್ದು ಮನೆಯಿಂದ ಮನೆಗೆ ಹೋಗಿ ಹತ್ತು ನಿಮಿಷದಲ್ಲಿ ಊರೇ ಎದ್ದು ನಿಲ್ಲುತ್ತಿತ್ತಂತೆ.

"ಈಗ ಯಾರೂ ಏಳಲ್ಲ ಮ್ಬಾಕ್," ಎಂದಿದ್ದಳು ಒಮ್ಮೆ. ಮೊದಲು ಪ್ರತಿ ಮನೆಯವರೂ ಬಾಗಿಲ ಹೊರಗೆ ಪುಟ್ಟ ಡಬ್ಬಿಯಲ್ಲಿ ಒಂದು ಚಿಟಿಕೆ ಅಕ್ಕಿ ಇಡುತ್ತಿದ್ದರು. ಸರದಿಯಂತೆ ಕಾವಲು ತಿರುಗುವವರು ಅದನ್ನು ಎತ್ತಿಕೊಂಡು ಹೋಗಬೇಕು. ಅಕ್ಕಿ ಎತ್ತಬೇಕಾದರೆ ಪ್ರತಿ ಬಾಗಿಲಿಗೂ ಹೋಗಲೇಬೇಕಲ್ಲ? ಎಂಥ ಜಾಣತನದ ಏರ್ಪಾಡು ನೋಡಿ. ಊರಿನ ಮುಖಂಡರಿಗೆ ಅದು ಹಳೇ ಕಾಲದ್ದು ಅನಿಸಿತು. ಅಕ್ಕಿ ಬೇಡ, ಫೋನಿನಲ್ಲೇ ತಿಂಗಳ ವಂತಿಗೆ ಹಾಕಿ ಎಂದರು. ಅಲ್ಲಿಗೆ ಬಾಗಿಲಿಗೆ ಬರುವವರೂ ನಿಂತರು. ಮುಖಂಡರು ತಮ್ಮ ಮನೆಗೆ ಮಾತ್ರ ಕ್ಯಾಮೆರಾ ಹಾಕಿಸಿಕೊಂಡರು. ಕೊನೆಗೆ ಕಾವಲಿಗೆ ಉಳಿದವನು ಒಬ್ಬನೇ, ಲಾಸ್ತ್ರಿಯ ತಮ್ಮ ಯಾಂತೊ. ಹಸು ಸಾಕಿದ್ದ, ಆ ಹಸುವಿನ ಮೇಲೆಯೇ ಅವನ ಸಂಸಾರ. ಅಕ್ಕಪಕ್ಕದ ಊರುಗಳಲ್ಲಿ ದನಗಳ್ಳತನ ಶುರುವಾಗಿದ್ದರಿಂದ ಅವನಿಗೆ ನಿದ್ದೆ ಇರಲಿಲ್ಲ.

ಈಗ ನಮ್ಮ ಮನೆಯ ಕಥೆ ಕೇಳಿ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕ. ಕುಕ್ಕರ್ ಸೀಟಿ ಹೊಡೆದರೆ ದೂರು, ಮಗಳು ಓಡಿದರೆ ದೂರು, ಮಿಕ್ಸಿ ತಿರುಗಿದರೆ ದೂರು. ಎದುರಿಗೆ ಸಿಕ್ಕಿದಾಗ ಮಾತ್ರ ನಗುನಗುತ್ತಾ 'ಖುದೆಮೊರ್ಖೆನ್' ಎಂದು ಡಚ್ಚಿನಲ್ಲಿ ಶುಭೋದಯ ಹೇಳುತ್ತಿದ್ದ. ಮನೆ ಬಾಡಿಗೆಗೆ ಕೊಟ್ಟ ಸಂಸ್ಥೆಯಿಂದ ಎರಡು ಕಾಗದ ಬಂದಾಗಿತ್ತು. ಮೂರನೆಯದು ಬಂದರೆ ಬಾಡಿಗೆ ಕರಾರಿನ ಬಗ್ಗೆ ಮಾತಾಡಬೇಕಾಗುತ್ತದೆ ಎಂದು ಸಭ್ಯವಾಗಿಯೇ ಬರೆದಿದ್ದರು. ಈ ದೇಶದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು ಆ ಭಯ. ಅಂದಿನಿಂದ ಮಿಕ್ಸಿಯ ಕೆಳಗೆ ಟವೆಲು, ಕುರ್ಚಿ ಕಾಲಿಗೆ ಹಳೇ ಕಾಲುಚೀಲ. ಸಾಂಬಾರಿಗೆ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸುವ ಗತಿ. ನಮ್ಮ ಮನೆಯಲ್ಲಿ ನಾವೇ ಕಳ್ಳರ ಹಾಗೆ ಓಡಾಡುತ್ತಿದ್ದೆವು.

ಅದು ಜೂನ್ ತಿಂಗಳು. ಸಂಜೆ ಎಂಟಾದರೂ ಇಲ್ಲಿ ಹೊತ್ತು ಮುಳುಗುವುದಿಲ್ಲ, ಬಿಸಿಲು ಅಡುಗೆಮನೆಯ ತನಕ ಬಂದಿತ್ತು. ಗಂಡ ಆಮರ್ಸ್‌ಫೋರ್ಟ್‌ನ ಆಫೀಸಿನಿಂದ ಇನ್ನೂ ರೈಲಿನಲ್ಲಿದ್ದ. ಲಾಸ್ತ್ರಿ ಡ್ಯೂಟಿಗೆ ಹೋಗಿದ್ದಳು, ಹೋಗುವಾಗ ನಾನೇ ಅವಳ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿದ್ದೆ. ಮಗಳಿಗೆ ಊಟ ಮಾಡಿಸುತ್ತಿದ್ದಾಗ ಸದ್ದು ಶುರುವಾಯಿತು. ಟೊಕ್ ಟೊಕ್. ಸ್ವಲ್ಪ ಬಿಟ್ಟು ಮತ್ತೆ ಟೊಕ್ ಟೊಕ್.

"ಅಮ್ಮಾ, ಸಮ್‌ಬಡಿ ಈಸ್ ನಾಕಿಂಗ್," ಎಂದಳು ಮಗಳು.

ಬಾಗಿಲು ತೆಗೆದೆ, ಯಾರೂ ಇಲ್ಲ. ಸದ್ದು ಬರುತ್ತಿದ್ದುದು ಪಕ್ಕದ ಬಾಲ್ಕನಿಯಿಂದ. ಗಾಳಿಗೆ ಬಡಿಯುತ್ತಿರಬೇಕು ಎಂದುಕೊಂಡು ಸುಮ್ಮನಾದೆ. ಅದು ನಿಲ್ಲಲಿಲ್ಲ. ಐದು ನಿಮಿಷ ಕಳೆಯಿತು, ಇನ್ನೂ ಜೋರಾಯಿತು. ಅಷ್ಟರಲ್ಲಿ ಕೆಳಗಿನಿಂದ ಮುದುಕ ಪೊರಕೆಯ ಹಿಡಿಯಲ್ಲೋ ಯಾವುದರಲ್ಲೋ ನಮ್ಮ ನೆಲಕ್ಕೆ, ಅಂದರೆ ಅವನ ಸೂರಿಗೆ, ಕುಟ್ಟತೊಡಗಿದ. ನನ್ನ ಮೈ ಉರಿದುಹೋಯಿತು. ಇವಳ ಮರದ ತುಂಡಿಗೆ ನಮ್ಮ ಮೇಲೆ ಮೂರನೇ ಕಾಗದ ಬರಬೇಕೆ? ಕೀಲಿಕೈ ತೆಗೆದುಕೊಂಡು, ಕೈಗೆ ಸಿಕ್ಕ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಲಾಸ್ತ್ರಿಯನ್ನು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾ ಹೋದೆ.

ಇಲ್ಲಿಂದ ಮುಂದೆ ನಿಧಾನವಾಗಿ ಹೇಳುತ್ತೇನೆ. ಬಾಲ್ಕನಿಯಲ್ಲಿ ಎಲೆ ಅಲುಗುತ್ತಿರಲಿಲ್ಲ. ಅವಳು ಒಣಹಾಕಿದ್ದ ಬಟ್ಟೆ ನೆಟ್ಟಗೆ ಇಳಿಬಿದ್ದಿತ್ತು. ಬಾರಿಸುವ ಕೋಲನ್ನು ಯಾವಾಗಲೂ ದಾರದಿಂದ ಕೊಂಡಿಗೆ ಬಿಗಿದು ಕಟ್ಟಿರುತ್ತಿದ್ದಳು, ಆಗಲೂ ಕಟ್ಟಿಯೇ ಇತ್ತು. ಕೆಂಟೊಂಗನ್ ಅಲುಗಾಡುತ್ತಿರಲಿಲ್ಲ. ಆದರೂ ಅದರೊಳಗಿಂದ ಟೊಕ್ ಟೊಕ್, ಟೊಕ್ ಟೊಕ್. ಮುಟ್ಟಿದರೆ ಅಂಗೈಗೆ ಏಟು ತಿಳಿಯುತ್ತಿತ್ತು, ಬಾಗಿಲ ಆಚೆಯಿಂದ ಯಾರೋ ತಟ್ಟಿದರೆ ತಿಳಿಯುವ ಹಾಗೆ.

ಎರಡೆರಡು ಏಟು. ಅರ್ಥ ನನಗೆ ಗೊತ್ತಿತ್ತು, ಅವಳೇ ಹೇಳಿಕೊಟ್ಟಿದ್ದಳು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಮುದುಕ ಮತ್ತು ಅವನ ಕಾಗದ, ಅಷ್ಟೇ. ಮಿಕ್ಸಿಗೆ ಮಾಡುವ ಹಾಗೆ ಮಾಡಿದೆ. ಟವೆಲನ್ನು ಅದಕ್ಕೆ ಎರಡು ಸುತ್ತು ಸುತ್ತಿ, ಸೀಳಿನೊಳಗೂ ತುರುಕಿ, ಬಿಗಿಯಾಗಿ ಗಂಟು ಹಾಕಿದೆ. ಇನ್ನೆರಡು ಸಲ ಮೆತ್ತಗೆ ಬಡಿದು ನಿಂತುಹೋಯಿತು. ಕೆಳಗೆ ಮುದುಕನೂ ನಿಲ್ಲಿಸಿದ. ಮನೆಗೆ ಬಂದು ಮಗಳ ತಟ್ಟೆಗೆ ಮೊಸರು ಹಾಕಿದೆ.

ಗಂಡ ಬಂದ ಮೇಲೆ ಹೇಳಿದರೆ ನಕ್ಕ. "ಮರಕುಟಿಗ ಇರ್ಬೇಕು ಕಣೇ. ಇಲ್ಲಾಂದ್ರೆ ಹೀಟಿಂಗ್ ಪೈಪು. ಸುಮ್ನೆ ತಲೆ ಕೆಡಿಸ್ಕೋಬೇಡ."

ಜೂನ್ ತಿಂಗಳಲ್ಲಿ ಯಾವ ಹೀಟಿಂಗು? ಕೇಳಲಿಲ್ಲ. ನನಗೂ ಅದನ್ನೇ ನಂಬಬೇಕಿತ್ತು.

ಮರುದಿನ ಬೆಳಿಗ್ಗೆ ಲಾಸ್ತ್ರಿ ನಮ್ಮ ಅಡುಗೆಮನೆಗೆ ಬಂದು ಕೂತಳು. ರಾತ್ರಿಯೆಲ್ಲ ಅತ್ತಿದ್ದಳು. ಊರಿನಿಂದ ಫೋನ್ ಬಂದಿತ್ತು. ಅಲ್ಲಿ ರಾತ್ರಿ ಒಂದು ಗಂಟೆಗೆ, ಅಂದರೆ ಇಲ್ಲಿ ಸಂಜೆ ಎಂಟಕ್ಕೆ, ಕೊಟ್ಟಿಗೆಗೆ ಕಳ್ಳರು ನುಗ್ಗಿದ್ದಾರೆ. ಯಾಂತೊ ಕೆಂಟೊಂಗನ್ ಬಾರಿಸಿದ್ದಾನೆ. ಅರವತ್ತು ಮನೆಯ ಊರಿನಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಎದ್ದವರೂ ಕಿಟಕಿ ಮುಚ್ಚಿಕೊಂಡರಂತೆ. ಮುಖಂಡರ ಕ್ಯಾಮೆರಾ ಮುಖಂಡರ ಗೇಟನ್ನು ಚೆನ್ನಾಗಿ ನೋಡಿಕೊಂಡಿತ್ತು. ಥೂ, ಇವರೆಲ್ಲ ನೆರೆಯವರೇ? ಹಾಗೆಂದು ನಾನು ಅಲ್ಲೇ ಕೂಗಾಡಿದೆ, ಟೇಬಲ್ ಗುದ್ದಿ ಕೂಗಾಡಿದೆ.

ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಒಂದೇ ಒಂದು ಉತ್ತರ ಬಂತಂತೆ ಮ್ಬಾಕ್. ತುಂಬಾ ದೂರದಿಂದ, ಎರಡೆರಡು ಏಟು. ಯಾರೋ ಕೇಳಿಸ್ಕೊಂಡಿದಾರೆ, ಬರ್ತಿದಾರೆ ಅಂತ ಧೈರ್ಯ ಬಂತಂತೆ ಅವನಿಗೆ. ಅದಕ್ಕೇ ಓಡಿಹೋಗ್ಲಿಲ್ಲ, ಹಸು ಹಗ್ಗ ಹಿಡ್ಕೊಂಡು ನಿಂತ. ಕಳ್ಳರೂ ಆ ಸದ್ದಿಗೆ ಹೆದರಿ ಬೇಲಿ ಹತ್ರ ಹಿಂದೆ ಸರಿದ್ರಂತೆ. ಆಮೇಲೆ ಅದು ನಡುವೆ ನಿಂತುಹೋಯ್ತು. ಯಾರೂ ಬರಲ್ಲ ಅಂತ ಅವರಿಗೂ ಗೊತ್ತಾಯ್ತು."

ಹಗ್ಗ ಬಿಡದಿದ್ದ ಬಲಗೈಗೆ ಮಚ್ಚಿನಿಂದ ಹೊಡೆದಿದ್ದರು. ಜೀವ ಉಳಿದಿತ್ತು. ಹಸು ಹೋಯಿತು. ಆ ಕೈ ಮತ್ತೆ ಹಗ್ಗ ಹಿಡಿಯುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವಳ ಬಾಲ್ಕನಿಯಲ್ಲಿ ನಮ್ಮ ಮನೆಯ ಟವೆಲು ಇತ್ತು. "ನಾನೇ ನಿಲ್ಲಿಸಿದ್ದು," ಎಂದೆ. ಎಲ್ಲ ಹೇಳಿದೆ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾದೆ. ಅವಳು ನನ್ನನ್ನೇ ನೋಡುತ್ತಾ ಒಂದೇ ಮಾತು ಕೇಳಿದಳು.

"ನೀವು ಕಟ್ಟೋ ಮೊದಲು ಎಷ್ಟು ಹೊತ್ತು ಹೊಡೀತು?"

"ಹತ್ತು ನಿಮಿಷ ಇರ್ಬೇಕು."

"ಅಷ್ಟು ಹೊತ್ತು ಯಾರೂ ಅವನನ್ನ ಮುಟ್ಟಲಿಲ್ಲ," ಎಂದಳು. ಎದ್ದು ಹೋದಳು. ಸಂಜೆ ಟವೆಲನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ನಮ್ಮ ಬಾಗಿಲಿಗೆ ತಂದುಕೊಟ್ಟಳು.

ಮುದುಕನ ಮೇಲೆ ಸಿಟ್ಟಿದೆ. ಆ ಮುಖಂಡರ ಮೇಲೆ, ಕಿಟಕಿ ಮುಚ್ಚಿಕೊಂಡ ಮನೆಗಳ ಮೇಲೆ ಸಿಟ್ಟಿದೆ. ಆದರೆ ಅವರ್ಯಾರೂ ಬಾರಿಸುತ್ತಿದ್ದುದನ್ನು ಕಟ್ಟಿಹಾಕಲಿಲ್ಲ. ಅದನ್ನು ಮಾಡಿದವಳು ನಾನು, ಅದೂ ಅರ್ಥ ಗೊತ್ತಿದ್ದೂ. ಮೂರನೇ ಕಾಗದ ಬರಲೇ ಇಲ್ಲ.

ಅದೇ ವರ್ಷ ಚಳಿಗಾಲದಲ್ಲಿ ಲಾಸ್ತ್ರಿ ತಮ್ಮನ ಸಂಸಾರ ನೋಡಿಕೊಳ್ಳಲು ಊರಿಗೆ ಹೊರಟಳು. ಹೋಗುವಾಗ ಕೆಂಟೊಂಗನ್ ನನ್ನ ಕೈಗೆ ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. "ಇಲ್ಲಿ ಅದನ್ನ ಕೇಳಿಸ್ಕೊಂಡವರು ನೀವೊಬ್ಬರೇ," ಎಂದಳು.

ಹತ್ತು ಸಾವಿರ ಕಿಲೋಮೀಟರಿಗೂ ಆಚೆಯ ಏಟು ಇಲ್ಲಿ ಹೇಗೆ ಕೇಳಿತು, ಇಲ್ಲಿನ ಉತ್ತರ ಅಲ್ಲಿಗೆ ಹೇಗೆ ಮುಟ್ಟಿತು, ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಈಗಲೂ ನಂಬುವುದಿಲ್ಲ. ಅದನ್ನು ನಮ್ಮ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ, ಕೋಲನ್ನು ಕಟ್ಟಿಲ್ಲ. ಕುಕ್ಕರ್ ಮತ್ತೆ ಒಲೆಯ ಮೇಲೆ ಬಂದಿದೆ; ಮುದುಕ ಕುಟ್ಟಿದರೆ ಕುಟ್ಟಿಕೊಳ್ಳಲಿ. ದಿನಾ ಸಂಜೆ ಎಂಟಕ್ಕೆ ಹೋಗಿ ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತೇನೆ. ಇಷ್ಟು ದಿನವಾದರೂ ಒಂದು ಸದ್ದಿಲ್ಲ. ಆ ಊರಿನಲ್ಲಿ ಎಲ್ಲರೂ ಕ್ಷೇಮವಾಗಿದ್ದಾರೋ, ಇಲ್ಲ ನನ್ನನ್ನು ಕರೆದು ಪ್ರಯೋಜನವಿಲ್ಲ ಎಂದು ಅದು ಸುಮ್ಮನಾಗಿದೆಯೋ, ತಿಳಿಯುವುದಿಲ್ಲ.