ಬ್ಯಾನರಿನ ಮೂಲೆಯ ಹೆಸರು

ಸಿನಿಮಾ ನೋಡಿ ಬ್ಯಾನರ್ ಬರೆಯುವವನು ಪೇಂಟರೇ ಅಲ್ಲ ಎಂಬುದು ದಾವಣಗೆರೆಯ ನಮ್ಮ ಕಸುಬಿನವರ ಜಂಬವಾಗಿತ್ತು. ಥಿಯೇಟರಿನವರು ಕೊಡುವ ನಾಲ್ಕು ಫೋಟೊ ಸಾಕು, ಉಳಿದದ್ದು ಕೈಗೆ ಗೊತ್ತು. ನನಗಂತೂ ಈ ಜಂಬ ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ. ಬ್ಯಾನರಿನ ಬಲ ಮೂಲೆಯಲ್ಲಿ ನನ್ನ ಹೆಸರನ್ನು ನಾಯಕನ ಬೂಟಿನಷ್ಟು ದೊಡ್ಡದಾಗಿ ಬರೆಯುತ್ತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಹರಿಹರದ ಸಾಹೇಬರೊಬ್ಬರು ತಮ್ಮ ಮಂಡಕ್ಕಿ ಗೋದಾಮು ಖಾಲಿ ಮಾಡಿ, ಬೆಂಚು ಹಾಕಿಸಿ ವಿಡಿಯೊ ತೋರಿಸತೊಡಗಿದರು. ಒಂದು ಟೀವಿ, ಒಂದು ವಿಸಿಆರ್, ಎರಡು ಫ್ಯಾನು. ಅದಕ್ಕೆ ಥಿಯೇಟರ್ ಎಂಬ ಹೆಸರು ಬೇರೆ! ನನಗೆ ಹೇಳಿ ಕಳಿಸಿದರು.

“ಆಕಾಶದಾಗ ಲಡಾಯಿ ಮಾಡೋ ಇಂಗ್ಲಿಷ್ ಪಿಕ್ಚರ್ ಐತಲ್ರಿ ಪೇಂಟರ್ರೇ, ಅದರದೇ ಕ್ಯಾಸೆಟ್ ಬಂದೈತೆ. ಬೋರ್ಡ್ ಜಬರ್ದಸ್ತ್ ಆಗ್ಬೇಕು. ಒಂದು ಸಲ ಹಾಕಿ ತೋರಿಸ್ಲೇನ್ರಿ?”

“ಬ್ಯಾಡ್ರಿ ಸಾಹೇಬ್ರೇ. ನೋಡಿ ಬರಿಯಾಕ ನಾನೇನು ನಿನ್ನೆ ಬ್ರಷ್ ಹಿಡಿದೋನೇನ್ರಿ?”

ಬರೆದೆ. ಫೋಟೊ ಸಹ ಕೇಳಲಿಲ್ಲ. ಮೀಸೆ ತಿರುವಿದ ನಾಯಕ, ಕೈಯಲ್ಲಿ ಬೆಂಕಿ ಕಾರುವ ಕೋವಿ, ಹಿಂದೆ ಹೊತ್ತಿ ಉರಿಯುವ ಗ್ರಹಗಳು, ಪಕ್ಕದಲ್ಲಿ ಅಳುವ ತಾಯಿ. ತಾಯಿಯಿಲ್ಲದ ಬ್ಯಾನರನ್ನು ನಾನು ಬರೆದವನೇ ಅಲ್ಲ. ಮೂಲೆಯಲ್ಲಿ ಹೆಸರು.

ಮೊದಲ ಆಟಕ್ಕೆ ಹಿಂದಿನ ಬೆಂಚಿನಲ್ಲಿ ಕೂತೆ. ಚಿತ್ರಕ್ಕಾಗಿ ಅಲ್ಲ, ನನ್ನ ಬ್ಯಾನರ್ ನಂಬಿ ಬಂದ ಜನರನ್ನು ನೋಡಲು. ಟೀವಿ ಹೊತ್ತಿಕೊಂಡಿತು. ಕಾರ್ಟೂನ್! ಆ ಸಿನಿಮಾದ ಲೋಕವನ್ನೇ ಇಟ್ಟುಕೊಂಡು ಅಮೆರಿಕದ ಟೀವಿಯವರು ಮಕ್ಕಳಿಗಾಗಿ ಮಾಡಿದ ಧಾರಾವಾಹಿ. ನಾಯಕನಿಲ್ಲ, ತಾಯಿಯಂತೂ ಇಲ್ಲವೇ ಇಲ್ಲ. ತಗಡಿನ ಯಂತ್ರಮಾನವ ಗೊಂಬೆಯೊಂದು ತನ್ನ ಒಡೆಯನನ್ನು ಹುಡುಕುತ್ತ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಿತ್ತು. ಅದೆಂಥ ದರಿದ್ರ ಚಿತ್ರಕಲೆ! ನೆರಳಿಲ್ಲ, ಬೆಳಕಿಲ್ಲ, ಗೆರೆ ಎಳೆದು ಒಳಗೆ ಬಣ್ಣ ತುಂಬಿದ್ದಾರೆ. ಬಾಯಿ ಮಾತ್ರ ಆಡುತ್ತದೆ, ಮೈ ಕಂಬ. ಸಿನಿಮಾ ಗೆದ್ದಿತೆಂದು ಅದರ ಎಂಜಲು ಬಡಿಸುವ ಇವರಿಗಿಂತ ನಮ್ಮ ಪಕ್ಕದ ಹಳ್ಳಿ ಬಾತಿಯಲ್ಲಿ ಗೋಡೆಗೆ ಸುಣ್ಣ ಹೊಡೆಯುವವನು ಮೇಲು ಅನ್ನಿಸಿತು. ಜನ ಈಗ ಎದ್ದು ಬೆಂಚು ಮುರಿಯುತ್ತಾರೆ, ಮೂಲೆಯ ಹೆಸರು ಹಿಡಿದು ಬೈಯುತ್ತಾರೆ ಎಂದು ಬಾಗಿಲು ನೋಡಿಕೊಂಡೆ.

ಒಬ್ಬರೂ ಏಳಲಿಲ್ಲ. ಇಂಗ್ಲಿಷಿನ ಗಂಧವಿಲ್ಲದವರು ಬಾಯಿ ಬಿಟ್ಟುಕೊಂಡು ನೋಡಿದರು. ಆ ತಗಡು ಕೊನೆಗೆ ಒಡೆಯನನ್ನು ಕಂಡಾಗ ಚಪ್ಪಾಳೆ ಬೇರೆ. ಥೂ, ಇವರ ಅಭಿರುಚಿಯೇ ಎಂದುಕೊಂಡು ಹೊರಗೆ ಬಂದೆ.

ನನ್ನ ಪಕ್ಕದಲ್ಲೇ ಕೂತು ನೋಡಿದ್ದ ಕುಕ್ಕುವಾಡದ ಹೆಂಗಸೊಬ್ಬಳು ಬ್ಯಾನರಿನ ಕೆಳಗೆ ಕತ್ತೆತ್ತಿ ನಿಂತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಆ ತಗಡಿನ ಗೊಂಬೆ ಮಕ ಮನಸಿನಾಗೇ ಕುಂತುಬಿಡ್ತು ನೋಡ್ರಿ ಅಣ್ಣಾರೆ. ಆದ್ರ ಈ ಬೋರ್ಡಿನಾಗ ಇರೋನು ಯಾರ್ರಿ? ಹೋದ ವರ್ಷ ಪೊಲೀಸ್ ಪಿಕ್ಚರಿಗೂ ಇವನೇ ಇದ್ದ. ಅದಕ್ಕೂ ಮೊದ್ಲು ದೇವರ ಪಿಕ್ಚರಿಗೂ ಇವನೇ. ಆ ಅಳೋ ಮುದುಕಿನೂ ಅವಳೇ.”

ಕತ್ತೆತ್ತಿದೆ. ಅದೇ ಮೂಗು, ಅದೇ ಹುಬ್ಬು. ಇಷ್ಟು ವರ್ಷ ಕೈಗೆ ಗೊತ್ತಿದ್ದದ್ದು ಆ ಒಂದೇ ಮುಖ.

“ಯಾರೋ ಏನೋ, ನನಗೂ ಗೊತ್ತಿಲ್ಲಮ್ಮ” ಎಂದೆ.

ಅವಳು ಹೋದ ಮೇಲೆ ಏಣಿ ಹತ್ತಿ, ಇನ್ನೂ ಪೂರ್ತಿ ಒಣಗಿರದ ನನ್ನ ಹೆಸರನ್ನು ಟರ್ಪಂಟೈನ್ ಅದ್ದಿದ ಚಿಂದಿಯಿಂದ ಒರೆಸಿದೆ. ಸಾಹೇಬರು ಓಡಿ ಬಂದರು.

“ಯಾಕ್ರಿ? ಬೋರ್ಡ್ ಚೆನ್ನಾಗೈತಲ್ರಿ!”

“ಆ ಕ್ಯಾಸೆಟ್ ಇನ್ನೊಂದು ಸಲ ಹಾಕ್ರಿ ಸಾಹೇಬ್ರೇ,” ಎಂದೆ. “ನೋಡ್ಬೇಕು.”